ಅಕ್ವೇರಿಯಂ ಗಿಡಗಳಿಗೆ ಹದವಾದ ತಳಹಾಸು

ಸಿಹಿನೀರಿನ ಅಕ್ವೇರಿಯಂನಲ್ಲಿ ಗಿಡ ಬೆಳೆಸುವವರು ತಳಹಾಸನ್ನು ಬಣ್ಣ ನೋಡಿ ಕೊಳ್ಳುವುದೇ ಹೆಚ್ಚು. ನೋಡಬೇಕಾದದ್ದು ಗಿಡದ ಬೇರನ್ನು. ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಕಾಣಸಿಗುವ ಕ್ರಿಪ್ಟೊಕೊರೈನ್, ದಕ್ಷಿಣ ಅಮೆರಿಕದ ಅಮೆಜಾನ್ ಸ್ವೋರ್ಡ್ ಮುಂತಾದವು ಆಹಾರದ ದೊಡ್ಡ ಪಾಲನ್ನು ಬೇರಿನಿಂದ ಹೀರುತ್ತವೆ. ಇವಕ್ಕೆ ಸತ್ವವಿರುವ ತಳ ಬೇಕು. ಜಾವಾ ಫರ್ನ್, ಅನುಬಿಯಾಸ್‌ಗಳಿಗೆ ಆ ಹಂಗಿಲ್ಲ. ಅವನ್ನು ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿದರೆ ಸಾಕು. ಅಡ್ಡಕ್ಕೆ ಹಬ್ಬುವ ದಪ್ಪ ಕಾಂಡವನ್ನು ಮರಳಲ್ಲಿ ಹೂತರೆ ಕೊಳೆತುಹೋಗುತ್ತದೆ.

ಮರಳಿನ ಕಾಳು 1ರಿಂದ 3 ಮಿಲಿಮೀಟರ್ ಇದ್ದರೆ ಒಳ್ಳೆಯದು. ತೀರಾ ನುಣುಪಾದದ್ದು ಗಟ್ಟಿಯಾಗಿ ಕೂತು ನೀರಾಡಲು ಬಿಡುವುದಿಲ್ಲ, ದಪ್ಪ ಜಲ್ಲಿಯ ಸಂದಿಯಲ್ಲಿ ಮೀನಿನ ತಿಂಡಿ ಸೇರಿ ಕೊಳೆಯುತ್ತದೆ. ಎಂ-ಸ್ಯಾಂಡ್ ಸುಲಭವಾಗಿ ಸಿಗುತ್ತದಾದರೂ ಅದರ ಅಂಚು ಚೂಪು. ತಳ ಕೆದಕಿ ತಿನ್ನುವ ಕೋರಿಡೋರಸ್‌ನಂಥ ಮೀನುಗಳಿರುವಲ್ಲಿ ಅದು ಬೇಡ. ಮರಳಿನ ಮೇಲೆ ವಿನಿಗರ್ ಹನಿಸಿದಾಗ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶ ಇದೆಯೆಂದೇ ಲೆಕ್ಕ. ಕಪ್ಪೆಚಿಪ್ಪಿನ ಚೂರು ಬೆರೆತ ಕಡಲತೀರದ ಮರಳು, ಹವಳದ ಪುಡಿ, ಅಮೃತಶಿಲೆಯ ಹರಳು ಇವೆಲ್ಲ ನೀರನ್ನು ಗಡಸಾಗಿಸುತ್ತವೆ. ಬಯಲುಸೀಮೆಯ ಬೋರ್‌ವೆಲ್ ನೀರು ಮೊದಲೇ ಗಡಸು. ಅದಕ್ಕೆ ಇವು ಸೇರಲೇಬಾರದು.

ಮರಳು ಬೇರಿಗೆ ಆಸರೆ ಕೊಡುತ್ತದೆ, ಆಹಾರ ಕೊಡುವುದಿಲ್ಲ. ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಅಮೋನಿಯಂ, ಪೊಟ್ಯಾಸಿಯಂ ಮೊದಲಾದವು ಅಲ್ಲಿ ಅಂಟಿ ನಿಂತು ಬೇರಿಗೆ ದಕ್ಕುತ್ತವೆ. ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ಜನಪ್ರಿಯಗೊಳಿಸಿದ ಶೈಲಿಯ ತೊಟ್ಟಿಗಳಲ್ಲಿ ಬಳಸುವ ಅಕ್ವಾ ಸಾಯಿಲ್ ಇಂಥ ಮಣ್ಣಿನದೇ ಉಂಡೆ. ಅದರ ಬೆಲೆ ಜಾಸ್ತಿ. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರ ತಮ್ಮ ಪುಸ್ತಕದಲ್ಲಿ ವಿವರಿಸಿದ ದಾರಿ ಅಗ್ಗದ್ದು: ಕೆಳಗೆ ಸಾಮಾನ್ಯ ಮಣ್ಣು, ಮೇಲೆ ಮರಳು. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣದ ಅಂಶವೂ ಧಾರಾಳ. ಆದರೆ ಹಸಿ ಗೊಬ್ಬರ, ಯೂರಿಯಾ ಬಿದ್ದ ತೋಟದ ಮಣ್ಣು ಮೀನಿಗೆ ವಿಷವಾಗಬಹುದು.

ಮಣ್ಣನ್ನು ಬಕೆಟ್‌ನಲ್ಲಿ ನೆನೆಸಿ, ತೇಲುವ ಕಸಕಡ್ಡಿ ಚೆಲ್ಲಿ, ಒಣಗಿಸಿ ಜರಡಿ ಹಿಡಿಯಬೇಕು. ಎರಡೂವರೆ ಸೆಂಟಿಮೀಟರ್ ಮಣ್ಣಿನ ಮೇಲೆ ಸುಮಾರು ಅಷ್ಟೇ ಮರಳು, ಹಿಂಬದಿಯಲ್ಲಿ ತುಸು ಎತ್ತರ. ಮಣ್ಣಿನ ಪದರ ದಪ್ಪವಾದರೆ ಗಾಳಿಯಾಡದೆ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಬರೀ ಮರಳೇ ಸಾಕೆನ್ನುವವರಿಗೆ 60 ಸೆಂಟಿಮೀಟರ್ ಉದ್ದ, 30 ಅಗಲದ ತೊಟ್ಟಿಯಲ್ಲಿ 6 ಸೆಂಟಿಮೀಟರ್ ಹಾಸಲು ಸುಮಾರು 17 ಕಿಲೋ ಬೇಕಾಗುತ್ತದೆ. ಬೇರಿನ ಬಳಿ ಗೊಬ್ಬರದ ಮಾತ್ರೆಯನ್ನೂ ಹುದುಗಿಸಬೇಕು. ಮರಳನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಅಕ್ವಾ ಸಾಯಿಲ್ ಅನ್ನು ಮಾತ್ರ ತೊಳೆಯಬಾರದು, ಉಂಡೆ ಕರಗಿ ಕೆಸರಾಗುತ್ತದೆ.

ನೀರು ತುಂಬುವಾಗ ತಳದ ಮೇಲೊಂದು ತಟ್ಟೆಯಿಟ್ಟು, ಅದರ ಮೇಲೆ ಸಣ್ಣಗೆ ಬಿಟ್ಟರೆ ಪದರ ಕದಡುವುದಿಲ್ಲ. ಹೊಸ ಮಣ್ಣಿನಿಂದ ಮೊದಲ ವಾರಗಳಲ್ಲಿ ಅಮೋನಿಯಾ ಹೊರಬೀಳುತ್ತದೆ. ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು ಬಿಡಬೇಕು.