ಬಾಯಿಗೆ ಸಿಹಿ, ಹಲ್ಲಿಗೆ ಹುಳಿ!

ಹಿರೇಬೆಂಡಿಗೇರಿ: ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬುದು ಹಳೆಯ ಗಾದೆ. ಹಾವೇರಿ ಜಿಲ್ಲೆ ಶಿಗ್ಗಾಂವ ತಾಲೂಕಿನ ಈ ಊರಿನಂಥ ಕಡೆಗಳಲ್ಲಿ ಗಾದೆಯನ್ನು ಈಗ ತುಸು ತಿದ್ದಬೇಕಾಗಿದೆ. ಕಡ್ಲಿನೂ ಐತಿ, ಶೇಂಗಾನೂ ಐತಿ, ಬಾಯಿ ತುಂಬ ಹಲ್ಲೂ ಅದಾವ. ಆದರೆ ಕಡಿಯಲು ಹೋದ ಹುಡುಗ ‘ಯವ್ವಾ, ಹಲ್ಲ ಜುಮ್ ಅಂತೈತಿ’ ಎಂದು ಗಲ್ಲ ಹಿಡಿದು ಕೂಡುತ್ತಾನೆ.

‘ಹುಳ ಹತ್ತೈತಿ ಬಿಡ್ರಿ’ ಎನ್ನುತ್ತಾರೆ ಹಿರಿಯರು. ಹಲ್ಲಿನಲ್ಲಿ ಹುಳವೇನೂ ಇಲ್ಲ. ಇರುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ನಾವು ತಿಂದ ಸಕ್ಕರೆ, ಬೆಲ್ಲವೇ ಅವುಗಳಿಗೂ ಊಟ. ತಿಂದು ಅವು ಬಿಡುವುದು ಆಮ್ಲ, ಅಂದರೆ ಹುಳಿ. ಆ ಹುಳಿಯೇ ಹಲ್ಲಿನ ಮೇಲಿನ ಬಿಳಿ ಕವಚವಾದ ಎನಾಮೆಲ್ಲನ್ನು ಕರಗಿಸುತ್ತದೆ.

ಮನುಷ್ಯನ ಮೈಯಲ್ಲಿ ಎನಾಮೆಲ್ಲಿಗಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ಶೇಕಡಾ 96ರಷ್ಟು ಖನಿಜವೇ. ಆದರೆ ಅದಕ್ಕೆ ಜೀವವಿಲ್ಲ. ಮುರಿದ ಎಲುಬು ಕೂಡೀತು, ಸವೆದು ಹೋದ ಎನಾಮೆಲ್ ಮತ್ತೆ ಬೆಳೆಯದು.

ಹಾಗಾದರೆ ಹಬ್ಬಕ್ಕೆ ಹೋಳಿಗೆ ಬಿಡಬೇಕೇ? ಬೇಕಿಲ್ಲ. ಎಷ್ಟು ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದೇ ಇಲ್ಲಿ ದೊಡ್ಡದು. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹುಳಿ ಏರುತ್ತದೆ. ಅದನ್ನು ಇಳಿಸಿ, ಕಳೆದ ಖನಿಜವನ್ನು ಅಷ್ಟಿಷ್ಟು ಮರಳಿ ತುಂಬಲು ಜೊಲ್ಲಿಗೆ ಅರ್ಧ ತಾಸಾದರೂ ಬೇಕು. ಊಟದ ಜೊತೆ ಎರಡು ಹೋಳಿಗೆ ಉಂಡವನ ಹಲ್ಲಿಗೆ ಒಂದೇ ಪೆಟ್ಟು. ಮುಂಜಾನೆಯಿಂದ ಸಂಜೆಯವರೆಗೆ ಅರ್ಧರ್ಧ ಕಪ್ಪು ಸಕ್ಕರೆ ಚಾ ಕುಡಿಯುತ್ತ ಕಟ್ಟೆಯ ಮೇಲೆ ಕೂತವನ ಹಲ್ಲಿಗೆ ದಿನವಿಡೀ ಪೆಟ್ಟು. ಚಾಕಲೇಟು ಚೀಪುವ ಮಗುವಿನದೂ, ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಕೂಸಿನದೂ ಇದೇ ಪಾಡು. ನಿದ್ದೆಯಲ್ಲಿ ಜೊಲ್ಲೂ ಕಡಿಮೆ. ಬಾಟಲಿಯ ತಂಪು ಪಾನೀಯಗಳಂತೂ ಸಿಹಿಯೂ ಹೌದು, ತಾವೇ ಹುಳಿಯೂ ಹೌದು.

ಮದ್ದು ದೂರವಿಲ್ಲ, ಅಡಿಗೆ ಮನೆಯಲ್ಲೇ ಇದೆ. ರೊಟ್ಟಿ, ಪಲ್ಯ, ಹಸಿ ಸವತೀಕಾಯಿ, ಗಜ್ಜರಿ ಅಗಿದಷ್ಟೂ ಜೊಲ್ಲು ಹೆಚ್ಚು. ಹಾಲು ಮೊಸರಿನಲ್ಲಿ ಹಲ್ಲಿಗೆ ಬೇಕಾದ ಸುಣ್ಣದ ಅಂಶವಿದೆ. ಹಾಲುಹಲ್ಲಿನ ಎನಾಮೆಲ್ ಕೂಸು ಹೊಟ್ಟೆಯಲ್ಲಿರುವಾಗಲೇ ಕಟ್ಟಲು ಸುರುವಾಗುತ್ತದೆ. ಆದ್ದರಿಂದ ಬಸುರಿಯ ತಾಟಿನಲ್ಲೂ ಇವು ಬೇಕು. ಸರಕಾರ 2013ರಲ್ಲಿ ಕ್ಷೀರಭಾಗ್ಯ ಯೋಜನೆಯಡಿ ಶಾಲಾ ಮಕ್ಕಳಿಗೆ ಹಾಲು ಕೊಡಲು ಸುರು ಮಾಡಿದ್ದೂ ಮಕ್ಕಳ ಪೋಷಣೆಗಾಗಿಯೇ.

ಹಲ್ಲಿನ ಮೇಲಿನ ಕಂದು ಕಲೆಯ ಮಾತೇ ಬೇರೆ. ಪಕ್ಕದ ಗದಗ ಜಿಲ್ಲೆಯ ಮುಂಡರಗಿ ಸೀಮೆಯಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಇಂಥ ಕಲೆ ಬಿದ್ದವರು ಬಹಳ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಿಯಮ. ಎಳೆತನದಲ್ಲಿ ಹಲ್ಲು ಕಟ್ಟುವಾಗ ಬಿದ್ದ ಈ ಕಲೆ ಕೊಳೆಯಲ್ಲ. ಇಟ್ಟಂಗಿ ಪುಡಿ, ಇದ್ದಿಲಿನಿಂದ ತಿಕ್ಕಿದರೆ ಹೋಗುವುದು ಕಲೆಯಲ್ಲ, ಎನಾಮೆಲ್ಲೇ. ನೀರು ಪರೀಕ್ಷೆ ಮಾಡಿಸುವುದೇ ಜಾಣತನ. ಹಾಗೆಂದು ಫ್ಲೋರೈಡಿರುವ ಪೇಸ್ಟಿಗೆ ಅಂಜಬೇಕಿಲ್ಲ. ಮಿತಿಯಲ್ಲಿ ಬಳಸಿ ಉಗುಳಿದರೆ ಅದೇ ಎನಾಮೆಲ್ಲಿಗೆ ಕಾವಲು.

ಇಷ್ಟೆಲ್ಲದರಲ್ಲಿ ರೊಕ್ಕ ಬೇಡುವುದು ಕಡಿಮೆ. ಸಿಹಿಯನ್ನು ಊಟದ ಜೊತೆಗೇ ಮುಗಿಸುವುದು, ಚಾ ಕುಡಿದ ಮೇಲೆ ಬಾಯಿ ಮುಕ್ಕಳಿಸುವುದು, ರಾತ್ರಿ ಮಲಗುವ ಮುಂದ ಹಲ್ಲುಜ್ಜುವುದು, ಅಷ್ಟೆ. ಚಾದಂಗಡಿಯ ಉದ್ರಿ ಸುಗ್ಗಿಗೆ ತೀರೀತು. ಹಲ್ಲಿನ ಉದ್ರಿ ಯಾವ ಸುಗ್ಗಿಗೂ ತೀರದು!