ಜಾಹೀರಾತಿನ ಹೆಣ್ಣು

ತೀರ್ಥಹಳ್ಳಿಯ ಬಟ್ಟೆಯಂಗಡಿಗೆ ಸೀರೆ ಕೊಳ್ಳಲು ಬಂದ ಹೆಂಗಸನ್ನು ಗಮನಿಸಿ. ಸೆರಗನ್ನು ಬೆರಳುಗಳ ನಡುವೆ ಹೊಸೆಯುತ್ತಾಳೆ, ಬಾಗಿಲ ಬೆಳಕಿಗೆ ಹಿಡಿಯುತ್ತಾಳೆ, ಬಣ್ಣ ಬಿಟ್ಟೀತೇ ಎಂದು ಕೇಳುತ್ತಾಳೆ. ಮನಸ್ಸಿಗೆ ಬಾರದಿದ್ದರೆ ಇಪ್ಪತ್ತು ಸೀರೆ ಬಿಚ್ಚಿಸಿ ಎದ್ದುಹೋಗುತ್ತಾಳೆ. ಅಲ್ಲಿ ಅವಳೇ ಪರೀಕ್ಷಕಿ. ಬಟ್ಟೆಯ ಜಾಹೀರಾತುಗಳಲ್ಲಿ ಎಷ್ಟೋ ವೇಳೆ ಈ ಸಂಬಂಧ ತಲೆಕೆಳಗಾಗಿರುತ್ತದೆ. ಅಲ್ಲಿಯ ಹೆಣ್ಣು ಬಟ್ಟೆಯನ್ನು ನೋಡುವುದಿಲ್ಲ, ನೋಡಿಸಿಕೊಳ್ಳುತ್ತಾಳೆ. ಕೆಲವೊಮ್ಮೆ ಅವಳಿಗೆ ಮುಖವೂ ಇರುವುದಿಲ್ಲ: ಒಂದು ಸೊಂಟ, ಒಂದು ಜೊತೆ ಕಾಲು, ಅಷ್ಟೆ. ಗಂಡಸರ ಸೂಟಿನ ಜಾಹೀರಾತಿನಲ್ಲಂತೂ ಸೂಟು ಕೊಂಡವನಿಗೆ ದೊರೆಯುವ ಕೊಡುಗೆಯಂತೆ ಸುಮ್ಮನೆ ಪಕ್ಕದಲ್ಲಿ ನಿಂತಿರುತ್ತಾಳೆ.

ಇದನ್ನು ಆಕ್ಷೇಪಿಸಿದೊಡನೆ ಒಂದು ಮರುಪ್ರಶ್ನೆ ಏಳುತ್ತದೆ: ಬೇಲೂರಿನ ಮದನಿಕೆಯರು ಉಟ್ಟಿರುವುದಾದರೂ ಎಷ್ಟು? ನಮ್ಮ ಕವಿಗಳು ನಾಯಕಿಯನ್ನು ಅಡಿಯಿಂದ ಮುಡಿಯವರೆಗೆ ವರ್ಣಿಸಲಿಲ್ಲವೆ? ವರ್ಣಿಸಿದರು, ಸವೆದ ಉಪಮೆಗಳ ಸಂತೆಯೇ ಅಲ್ಲಿ ನೆರೆದಿದೆ. ವರ್ಷಗಟ್ಟಲೆ ಪಾಠ ಹೇಳಿದ ನಾನು ಅದರ ಬೇಸರವನ್ನು ಬಲ್ಲೆ. ಆ ಗಂಡುನೋಟವನ್ನು ಸಮರ್ಥಿಸಬೇಕಾಗಿಲ್ಲ. ಆದರೆ 1117ರಲ್ಲಿ ಪ್ರತಿಷ್ಠೆಗೊಂಡ ಆ ಗುಡಿಯ ದರ್ಪಣಸುಂದರಿ ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತಾಳೆ. ಬೇಟೆಗೆ ಹೊರಟವಳು ಬಿಲ್ಲು ಹಿಡಿದಿದ್ದಾಳೆ. ಅವರಿಗೆ ತಮ್ಮದೇ ಆದ ಕಾರ್ಯವುಂಟು. ಇನ್ನು ನಗ್ನತೆಯೇ ದೋಷವೆನ್ನುವುದಾದರೆ, ನಮ್ಮ ಮೇಳಿಗೆಯ ಅನಂತನಾಥ ಬಸದಿಯಂಥ ಕಡೆ ದಿಗಂಬರ ಜಿನಬಿಂಬಕ್ಕೆ ಯಾರು ತಾನೆ ಕೈಮುಗಿಯುತ್ತಿದ್ದರು?

ಬಟ್ಟೆಯ ಅಳತೆಯಲ್ಲೇ ಮಾತು ಮುಗಿಸಿದರೆ ಏನಾಗುತ್ತದೆಂಬುದಕ್ಕೆ 1996ರ ಬೆಂಗಳೂರು ಸಾಕ್ಷಿ. ಆ ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ಏರ್ಪಟ್ಟಾಗ ಮಹಿಳಾ ಸಂಘಟನೆಗಳವರು, ರೈತಸಂಘದವರು, ಸಂಸ್ಕೃತಿಯನ್ನು ಕಾಯುತ್ತೇವೆಂದವರು, ಎಲ್ಲರೂ ಬೇರೆ ಬೇರೆ ಕಾರಣಗಳಿಗಾಗಿ ಬೀದಿಗಿಳಿದರು. ಈಜುಡುಗೆಯ ಸುತ್ತು ಸೇಶೆಲ್ಸ್ ದ್ವೀಪಗಳಿಗೆ ಹೋಯಿತು. ಅಂತಿಮ ಸ್ಪರ್ಧೆ ಬೆಂಗಳೂರಿನಲ್ಲೇ ಸಾಂಗವಾಗಿ ನಡೆಯಿತು. ಹೆಣ್ಣನ್ನು ಸಾಲಿನಲ್ಲಿ ನಿಲ್ಲಿಸಿ ಅಂಕ ಹಾಕುವ, ಆ ಅಂಕದ ಬಲದಿಂದ ಸರಕು ಮಾರುವ ಪದ್ಧತಿಯ ಕೂದಲೂ ಕೊಂಕಲಿಲ್ಲ.

ವಿಚಿತ್ರವೆಂದರೆ ಕಾನೂನು ನಮಗಿಂತ ಸೂಕ್ಷ್ಮವಾಗಿದೆ. 1986ರಲ್ಲಿ ನಮ್ಮ ನಾಡಿನವರೇ ಆದ ಮಾರ್ಗರೆಟ್ ಆಳ್ವ ಅವರು ರಾಜ್ಯಸಭೆಯಲ್ಲಿ ಮಂಡಿಸಿದ, ಮರುವರ್ಷ ಜಾರಿಗೆ ಬಂದ, ಸ್ತ್ರೀಯರ ಅಸಭ್ಯ ನಿರೂಪಣೆಯನ್ನು ನಿಷೇಧಿಸುವ ಅಧಿನಿಯಮ ಮೊದಲು ಕೈಯಿಕ್ಕುವುದೇ ಜಾಹೀರಾತಿಗೆ. ಅದರ ವ್ಯಾಖ್ಯೆಯಲ್ಲಿ ಅಸಭ್ಯತೆಯ ಜೊತೆಗೇ ಹೆಣ್ಣನ್ನು ಹೀನಾಯವಾಗಿ ಕಾಣಿಸುವ ಮಾತೂ ಬಂದಿದೆ. ನಮ್ಮ ಚರ್ಚೆ ಮಾತ್ರ ಮೊದಲ ಶಬ್ದದಲ್ಲೇ ನಿಂತಿದೆ. ಮೊದಲ ಅಪರಾಧಕ್ಕೆ ಅದು ವಿಧಿಸುವ ಜುಲ್ಮಾನೆ 2000 ರೂಪಾಯಿಯವರೆಗೆ, ಸೆರೆ ಎರಡು ವರ್ಷದವರೆಗೆ. ಆ ಎರಡು ಸಾವಿರ ದೊಡ್ಡ ವ್ಯಾಪಾರಿಗೆ ಯಾವ ಲೆಕ್ಕ!

ಪೆಟ್ಟು ಬೀಳುವುದು ಬೇರೊಂದು ಕಡೆ. ಸಾಗರದಲ್ಲೋ ಹೊಸನಗರದಲ್ಲೋ ಬಸ್ಸಿಗೆ ಕಾದುನಿಂತ ಕಾಲೇಜಿನ ಹುಡುಗಿ ಕೈಯ ಫೋನಿನಲ್ಲಿ ದಿನವೂ ಇಂಥ ಎಷ್ಟೋ ಚಿತ್ರಗಳನ್ನು ಕಾಣುತ್ತಾಳೆ. ನೀನು ಇದ್ದಂತೆ ಸಾಲದು ಎಂದು ಅವು ಅವಳಿಗೆ ಮೆಲ್ಲನೆ ಹೇಳುತ್ತಿರುತ್ತವೆ. ಅವಳು ತನ್ನ ಮೈಯನ್ನು ಪರರ ಕಣ್ಣಿನಿಂದ ಅಳೆಯತೊಡಗುತ್ತಾಳೆ. ನೂಲು ಯಾವುದು, ನಾಲ್ಕು ಸಲ ಒಗೆದರೆ ಬಟ್ಟೆ ಬಾಳೀತೇ ಎಂಬುದನ್ನು ಮಾತ್ರ ಆ ಚಿತ್ರ ಹೇಳುವುದೇ ಇಲ್ಲ.