ಸಾವಿರ ಪುಟ ಓದಿದ್ರೆ ಕೈ ಹಿಡಿದ, ಅಷ್ಟೇ!

ಇಂಟರ್ನಲ್ಸ್ ಹಿಂದಿನ ರಾತ್ರಿ, ಹನ್ನೊಂದೂವರೆ. ಹಾಸ್ಟೆಲ್ ರೂಮಿನಲ್ಲಿ ‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’ ಪುಸ್ತಕವನ್ನು ಅಗಲವಾಗಿ ತೆರೆದಿಟ್ಟು ಭಾರಿ ಗಂಭೀರವಾಗಿ ಓದುತ್ತಿದ್ದೆ. ರೂಮ್‌ಮೇಟ್‌ಗೆ ಅನುಮಾನ ಬಂದದ್ದು ನಾನು ಮೆಲ್ಲಗೆ ನಕ್ಕಾಗ. ಫೊರಿಯರ್ ಟ್ರಾನ್ಸ್‌ಫಾರ್ಮ್ ಓದಿ ನಗುವವರು ನಮ್ಮ ಬ್ರ್ಯಾಂಚಿನಲ್ಲಿ ಇನ್ನೂ ಹುಟ್ಟಿಲ್ಲ. ಎದ್ದು ಬಂದವನೇ ಒಳಗಿದ್ದ ಇನ್ನೊಂದು ಪುಸ್ತಕ ಎಳೆದುಕೊಂಡ. ಕಪ್ಪು ರಟ್ಟು, ಮೇಲೊಂದು ಕಾಗೆ. ನಾಲ್ಕು ಸಾಲು ಓದಿ, ‘ಲೇ, ಇದು ಲವ್ ಸ್ಟೋರಿ ಅಲ್ವಾ? ಹುಡುಗೀರು ಓದೋ ಬುಕ್ಕು!’ ಎಂದು ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದ. ಮರುದಿನ ಬೆಳಿಗ್ಗೆ ಮೆಸ್‌ನಲ್ಲಿ ಉಪ್ಪಿಟ್ಟಿನ ಜೊತೆ ನನ್ನನ್ನೂ ತಿಂದರು.

ತಪ್ಪೇನೂ ಹೇಳಲಿಲ್ಲ ಅವನು. ನಾನು ಓದುವುದು ಯಂಗ್ ಅಡಲ್ಟ್ ಫ್ಯಾಂಟಸಿ. ಮಾಟ ಮಂತ್ರ, ಕಳ್ಳರು, ಯುದ್ಧ, ಬೇರೆಯದೇ ಒಂದು ಲೋಕ, ಅದರ ನಡುವೆ ಹದಿನಾರು ಹದಿನೇಳರ ಹುಡುಗ ಹುಡುಗಿ. ಅವರಿಬ್ಬರ ನಡುವೆ ಏನೋ ಇದೆ ಎಂದು ನಮಗೆ ಐವತ್ತನೇ ಪುಟಕ್ಕೇ ಗೊತ್ತಾಗುತ್ತದೆ. ಅವರಿಗೆ ಗೊತ್ತಾಗಲು ಮುನ್ನೂರು ಪುಟ ಬೇಕು, ಬಾಯಿಬಿಟ್ಟು ಹೇಳಲು ಇನ್ನೊಂದು ಪುಸ್ತಕವೇ ಬೇಕು. ಇದಕ್ಕೆ ಓದುಗರು ಇಟ್ಟಿರುವ ಹೆಸರು ‘ಸ್ಲೋ ಬರ್ನ್’. ನಮ್ಮಮ್ಮನ ಭಾಷೆಯಲ್ಲಿ ಸಣ್ಣ ಉರಿ. ಕೆಪಾಸಿಟರ್ ಚಾರ್ಜ್ ಆಗುವುದಕ್ಕೆ ಇದು ತದ್ವಿರುದ್ಧ: ಕೆಪಾಸಿಟರ್ ಮೊದಲ ಒಂದು ಟೈಮ್ ಕಾನ್‌ಸ್ಟಂಟ್‌ನಲ್ಲೇ ಶೇ 63ರಷ್ಟು ತುಂಬಿಬಿಡುತ್ತದೆ, ಆಮೇಲೆ ಸೋಮಾರಿಯಾಗುತ್ತದೆ. ಈ ಪುಸ್ತಕಗಳಲ್ಲಿ ಮೊದಲೆಲ್ಲ ಸೋಮಾರಿತನ, ಕೊನೆಗೆ ಒಂದೇ ಏಟು. ನನ್ನ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಾದರೆ ರಾಜಕುಮಾರ ಏಳು ಸಮುದ್ರ ದಾಟಿ, ರಾಕ್ಷಸನ ಪ್ರಾಣವಿದ್ದ ಗಿಳಿಯ ಕತ್ತು ಹಿಸುಕಿದ ಮರುವಾಕ್ಯಕ್ಕೇ ಮದುವೆ. ರಾಜಕುಮಾರಿಗೆ ಅವನು ಇಷ್ಟವೋ ಇಲ್ಲವೋ ಎಂದು ನಾನು ಕೇಳಿದ್ದೂ ಇಲ್ಲ, ಅಜ್ಜಿ ಹೇಳಿದ್ದೂ ಇಲ್ಲ.

ಈ ಪುಸ್ತಕಗಳಿಗೆ ನಾನು ಬಂದದ್ದು ನೇರ ದಾರಿಯಲ್ಲಲ್ಲ. ಅದನ್ನು ಹೇಳಬೇಕಾದರೆ ಮೂರನೇ ಸೆಮಿಸ್ಟರಿನ ಲ್ಯಾಬ್‌ಗೆ ಹೋಗಬೇಕು.

ಲ್ಯಾಬ್‌ನಲ್ಲಿ ಬ್ಯಾಚ್ ಮಾಡುವುದು ಯುಎಸ್‌ಎನ್ ಪ್ರಕಾರ. ನನ್ನ ನಂಬರಿನ ಮುಂದಿನ ನಂಬರ್ ಅವಳದು. ವಾರಕ್ಕೊಮ್ಮೆ, ಮಧ್ಯಾಹ್ನ, ಒಂದು ಬ್ರೆಡ್‌ಬೋರ್ಡ್, ಒಂದು ಸಿಆರ್‌ಒ, ಇಬ್ಬರು. ನಾನು ವೈರ್ ಚುಚ್ಚುತ್ತಿದ್ದೆ, ಅವಳು ರೀಡಿಂಗ್ ಬರೆಯುತ್ತಿದ್ದಳು. ಔಟ್‌ಪುಟ್ ಬಾರದಿದ್ದಾಗ, ಅಂದರೆ ಯಾವಾಗಲೂ, ಅವಳು ಬಗ್ಗಿ ನೋಡಿ ‘ಗ್ರೌಂಡ್ ಕೊಟ್ಟಿಲ್ಲ ಕಣೋ’ ಎನ್ನುತ್ತಿದ್ದಳು. ನಗುತ್ತಿದ್ದೆವು. ಮೂರು ಲ್ಯಾಬ್ ಆಗಿತ್ತು, ಅಷ್ಟೇ. ಮೂರನೆಯದರ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಪ್ರಪೋಸ್ ಮಾಡಿಬಿಟ್ಟೆ. ಅವಳ ಊರು ಯಾವುದೆಂದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರ್‍ಯಾರಿದ್ದಾರೆ ಗೊತ್ತಿರಲಿಲ್ಲ. ಗ್ರೌಂಡ್ ಕೊಡುವುದು ಗೊತ್ತು ಎಂಬುದಷ್ಟೇ ಗೊತ್ತಿತ್ತು.

‘ಸಾರಿ, ಆ ಥರ ಏನಿಲ್ಲ’ ಎಂದು ಉತ್ತರ ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾವು ನೋಡಿ ಬೆಳೆದ ಸಿನಿಮಾಗಳಲ್ಲಿ ‘ಇಲ್ಲ’ ಎಂಬುದು ಇಂಟರ್‌ವಲ್‌ಗೆ ಮೊದಲು ಬರುವ ಮಾತು. ‘ಬಿಡಬೇಡ ಮಗಾ, ಟೈಮ್ ತಗೋತಾರೆ’ ಎಂದರು ಗೆಳೆಯರು. ನಾನು ಬಿಡಲಿಲ್ಲ. ಗುಡ್ ಮಾರ್ನಿಂಗ್, ಊಟ ಆಯ್ತಾ, ಹಾಡಿನ ಲಿಂಕು. ‘ದಯವಿಟ್ಟು ಮೆಸೇಜ್ ಮಾಡಬೇಡ’ ಎಂದಳು. ಅದಕ್ಕೆ ನಾನು ಬರೆದ ಉತ್ತರ ಈಗಲೂ ನೆನಪಿದೆ, ಬರೆಯಲು ನಾಚಿಕೆಯಾಗುತ್ತದೆ: ‘ಎಷ್ಟು ದಿನ ಆದ್ರೂ ಕಾಯ್ತೀನಿ.’ ಅದೇನೋ ದೊಡ್ಡ ಮಾತು ಆಡಿದೆ ಅಂದುಕೊಂಡಿದ್ದೆ.

ಬ್ಯಾಚ್ ಬದಲಾಗುವಂತಿರಲಿಲ್ಲ. ಸೆಮಿಸ್ಟರ್ ಮುಗಿಯುವವರೆಗೂ ಅವಳು ಅದೇ ಸ್ಟೂಲಿನ ಮೇಲೆ ಕೂರಬೇಕಿತ್ತು. ನಮ್ಮಿಬ್ಬರ ನಡುವೆ ಬ್ಯಾಗ್ ಇಡತೊಡಗಿದಳು. ಪ್ರೋಬ್ ಬೇಕಾದರೆ ಕೈಗೆ ಕೊಡುತ್ತಿರಲಿಲ್ಲ, ಟೇಬಲ್ ಮೇಲೆ ಇಟ್ಟು ಸರಿಸುತ್ತಿದ್ದಳು. ಗ್ರೌಂಡ್ ಕೊಡದಿದ್ದರೂ ಈಗ ಹೇಳುತ್ತಿರಲಿಲ್ಲ. ಒಂದು ದಿನ ಇಡೀ ಲ್ಯಾಬ್ ಔಟ್‌ಪುಟ್ ಇಲ್ಲದೆ ಕೂತಿದ್ದೆವು.

ಆ ರಜೆಯಲ್ಲಿ ಬೆಂಗಳೂರಿಗೆ, ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕಪ್ಪನ ಮಗಳು ಆಗ ಸೆಕೆಂಡ್ ಪಿಯು. ಪಾಕೆಟ್ ಮನಿಯೆಲ್ಲ ಚರ್ಚ್ ಸ್ಟ್ರೀಟಿನ ಬ್ಲಾಸಂನಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕಕ್ಕೆ ಸುರಿಯುವವಳು. ‘ಅಣ್ಣ, ಮೊಬೈಲ್ ನೋಡಿ ನೋಡಿ ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ಇದನ್ನ ಓದು’ ಎಂದು ಪರ್ಸಿ ಜಾಕ್ಸನ್ ಕೊಟ್ಟಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ನನಗೆ ಪಠ್ಯ ಬಿಟ್ಟು ಇಂಗ್ಲಿಷ್ ಪುಸ್ತಕ ಓದಿದ ಅನುಭವವೇ ಇರಲಿಲ್ಲ. ರಿಕ್ ರಿಯೊರ್ಡನ್ ಭಾಷೆ ಸಲೀಸು, ಓದಿಸಿಕೊಂಡು ಹೋಯಿತು. 2005ರಿಂದ 2009ರವರೆಗೆ ಬಂದ ಐದು ಪುಸ್ತಕ. ಮೊದಲನೆಯದರಲ್ಲಿ ಪರ್ಸಿಗೆ ಹನ್ನೆರಡು, ಆನಬೆತ್ ಅವನನ್ನು ದಡ್ಡ ಎಂದೇ ನೋಡುತ್ತಾಳೆ. ಇಬ್ಬರೂ ಜೋಡಿ ಎನಿಸಿಕೊಳ್ಳುವುದು ಐದನೆಯದರ ಕೊನೆಯಲ್ಲಿ, ಹದಿನಾರಕ್ಕೆ. ನಡುವೆ ಮೂರನೆಯದರಲ್ಲಿ ಒಂದು ಸಂಗತಿ ಇದೆ: ಆಕಾಶ ಕುಸಿಯದಂತೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಅದನ್ನು ಹೆಗಲ ಮೇಲೆ ಹೊರುತ್ತಾರೆ, ಇಬ್ಬರ ತಲೆಯಲ್ಲೂ ಒಂದೊಂದು ಬಿಳಿಕೂದಲ ಎಳೆ ಉಳಿಯುತ್ತದೆ. ಪ್ರೀತಿ ಎಂಬ ಪದವೇ ಇಲ್ಲದೆ ಅದಾಗಲೇ ಶುರುವಾಗಿರುತ್ತದೆ. ಫ್ಯಾಂಟಸಿಯ ಲಾಭ ಇದೇ ಇರಬೇಕು. ಇಬ್ಬರನ್ನು ಕಾಫಿ ಶಾಪಿನಲ್ಲಿ ಕೂರಿಸುವುದಿಲ್ಲ, ಇಬ್ಬರಿಗೂ ಒಂದು ಕೆಲಸ ಕೊಡುತ್ತದೆ.

ಆಮೇಲೆ ಅವಳು ಕೊಟ್ಟದ್ದು ಕಾಗೆಯ ಪುಸ್ತಕ, ಲೀ ಬಾರ್ಡುಗೊ ಬರೆದ ‘ಸಿಕ್ಸ್ ಆಫ್ ಕ್ರೋಸ್’, 2015ರದು. ಅದರ ಮುಂದಿನ ಭಾಗ ‘ಕ್ರುಕೆಡ್ ಕಿಂಗ್‌ಡಮ್’ ಮರುವರ್ಷ ಬಂತು. ಎರಡೂ ಸೇರಿ ಹೆಚ್ಚುಕಡಿಮೆ ಸಾವಿರ ಪುಟ. ಶುರುವಿನ ಐವತ್ತು ಪುಟ ನನಗೆ ಒಂದೂ ತಿಳಿಯಲಿಲ್ಲ. ಊರಿನ ಹೆಸರು, ದೇಶದ ಹೆಸರು, ಮಂತ್ರಶಕ್ತಿಯ ಹೆಸರು ಎಲ್ಲ ಒಟ್ಟಿಗೆ ತಲೆಗೆ ಬಡಿಯುತ್ತವೆ. ಬಿಟ್ಟುಬಿಡೋಣ ಅನ್ನಿಸಿದರೆ ಬಿಡಬೇಡಿ. ಹಳೇ ಆಮ್‌ಸ್ಟರ್‌ಡ್ಯಾಮ್‌ನ ಛಾಯೆ ಇರುವ ಕೆಟರ್‌ಡ್ಯಾಮ್ ಎಂಬ ಬಂದರು ನಗರ, ಅಲ್ಲಿನ ಆರು ಮಂದಿ ಹದಿಹರೆಯದವರು, ಯಾರೂ ನುಗ್ಗಲಾಗದ ಒಂದು ಕೋಟೆ, ಒಳಗಿರುವ ಒಬ್ಬ ಕೈದಿಯನ್ನು ಹೊರತಂದರೆ ಕೋಟಿಗಟ್ಟಲೆ ಹಣ. ಇಷ್ಟು ಹಿಡಿದುಕೊಂಡರೆ ಸಾಕು, ಆಮೇಲೆ ಪುಸ್ತಕವೇ ಎಳೆದುಕೊಂಡು ಹೋಗುತ್ತದೆ.

ಗುಂಪಿನ ತಲೆ ಕಾಜ್. ಹದಿನೇಳು ವರ್ಷ, ಕುಂಟುಕಾಲು, ಊರುಗೋಲು, ಯಾವಾಗಲೂ ಕಪ್ಪು ಕೈಗವಸು. ಕೈಗವಸು ಯಾಕೆಂದು ಊರಿನವರು ಏನೇನೋ ಕಥೆ ಕಟ್ಟಿದ್ದಾರೆ. ನಿಜ ಏನೆಂದರೆ, ಚಿಕ್ಕವನಿದ್ದಾಗ ಊರಿಗೆ ಬಂದ ಸಾಂಕ್ರಾಮಿಕದಲ್ಲಿ ಅಣ್ಣ ಸತ್ತ. ಕಾಯಿಲೆ ಬಿದ್ದಿದ್ದ ಇವನನ್ನೂ ಸತ್ತನೆಂದುಕೊಂಡು ಹೆಣಗಳ ರಾಶಿಗೆ ಎಸೆದರು. ಅಣ್ಣನ ಹೆಣವನ್ನೇ ಹಿಡಿದುಕೊಂಡು ಈಜಿ ದಡ ಸೇರಿದ. ಅಂದಿನಿಂದ ಇನ್ನೊಬ್ಬರ ಚರ್ಮ ತಾಗಿದರೆ ಅವನಿಗೆ ಉಸಿರುಗಟ್ಟುತ್ತದೆ. ಇನೆಜ್ ಹಗ್ಗದ ಮೇಲೆ ನಡೆಯುವ ಕಲಾವಿದರ ಕುಟುಂಬದವಳು. ಗುಲಾಮರನ್ನು ಮಾರುವವರು ಅವಳನ್ನು ಹೊತ್ತೊಯ್ದು ಸೂಳೆಮನೆಗೆ ಮಾರಿದ್ದರು. ಈಗ ಸದ್ದಿಲ್ಲದೆ ಛಾವಣಿ ಹತ್ತಿ ಕಾಜ್‌ಗೆ ಗುಟ್ಟು ತಂದುಕೊಡುವ ಗೂಢಚಾರಿಣಿ. ಅವಳಿಗೂ ಯಾರಾದರೂ ಮುಟ್ಟಿದರೆ ಹಳೆಯದೆಲ್ಲ ಎದ್ದು ಬರುತ್ತದೆ. ಇಂಥ ಇಬ್ಬರ ನಡುವೆ ಪ್ರೀತಿ ಹುಟ್ಟಿಸಿ ಲೇಖಕಿ ನಮ್ಮನ್ನು ಕಾಯಿಸುತ್ತಾರೆ.

ಮೊದಲ ಪುಸ್ತಕದ ಕೊನೆಗೆ ಅವಳು ಊರು ಬಿಟ್ಟು ಹೊರಡುವ ಮಾತಾಡುತ್ತಾಳೆ. ಇಲ್ಲೇ ಇರು, ನನಗೆ ನೀನು ಬೇಕು ಎನ್ನುತ್ತಾನೆ. ಹೀರೋ ಬಾಯಿಬಿಟ್ಟ, ಇನ್ನೇನು ಹಾಡು ಬರುತ್ತದೆ ಎಂದು ನಾನು ಕಾದೆ. ಅವಳು ಕೇಳುವುದು ಬೇರೆ: ಹೇಗೆ ಬೇಕು? ಕೈಗವಸು ಹಾಕಿಕೊಂಡೇನಾ? ಕವಚ ಕಳಚಿ ಬರುವುದಾದರೆ ಬಾ, ಇಲ್ಲದಿದ್ದರೆ ಬೇಡ. ಅವನಿಗೆ ಆಗುವುದಿಲ್ಲ, ಸುಮ್ಮನಾಗುತ್ತಾನೆ. ಎರಡನೇ ಪುಸ್ತಕದಲ್ಲಿ ಹೋಟೆಲ್ಲೊಂದರ ಬಚ್ಚಲುಮನೆಯಲ್ಲಿ ಅವಳ ಗಾಯಕ್ಕೆ ಬರಿಗೈಯಲ್ಲಿ ಪಟ್ಟಿ ಕಟ್ಟುತ್ತಾನೆ. ಕೆಲವೇ ಪುಟ. ಒಂದೊಂದು ಸುತ್ತು ಸುತ್ತುವಾಗಲೂ ಅವನು ಮುಳುಗುತ್ತಿರುತ್ತಾನೆ, ಅವಳಿಗೂ ಅದು ಸುಲಭವಲ್ಲ. ಇನ್ನು ಆಗದು ಎನ್ನಿಸಿದಾಗ ಹಿಂದೆ ಸರಿಯುತ್ತಾನೆ. ಅವಳು ತಡೆಯುವುದಿಲ್ಲ. ಕತ್ತಿ ಕಾಳಗದ ಅಧ್ಯಾಯಗಳಿಗಿಂತ ಹೆಚ್ಚು ಬೆವರಿದ್ದು ನಾನು ಇಲ್ಲಿ.

ಕೊನೆಗೆ ಬಂದರಿನಲ್ಲಿ ಅವಳಿಗೆ ಒಂದು ಹಡಗು ಕೊಡುತ್ತಾನೆ. ತನ್ನಂಥ ಹುಡುಗಿಯರನ್ನು ಮಾರುವವರನ್ನು ಸಮುದ್ರದಲ್ಲೇ ಬೇಟೆಯಾಡಬೇಕೆಂಬುದು ಅವಳ ಆಸೆ, ಅದಕ್ಕೆ. ಅವಳು ಕಳೆದುಕೊಂಡಿದ್ದ ಅಪ್ಪ ಅಮ್ಮನನ್ನೂ ಹುಡುಕಿಸಿ ಕರೆಸಿರುತ್ತಾನೆ. ಮೊದಲ ಪುಸ್ತಕದಲ್ಲಿ ‘ಇರು’ ಎಂದಿದ್ದ ಹುಡುಗ ಈಗ ಹೋಗಲಿಕ್ಕೆ ಹಡಗು ಕೊಡುತ್ತಿದ್ದಾನೆ. ಆಗ ಬರಿಗೈಯಲ್ಲಿ ಕೈ ಹಿಡಿಯುತ್ತಾರೆ. ಅಷ್ಟೇ. ಸಾವಿರ ಪುಟಕ್ಕೆ ಸಿಗುವುದು ಅಷ್ಟೇ, ನಾನು ರಾತ್ರಿ ಎರಡು ಗಂಟೆಗೆ ಚಿಕ್ಕಪ್ಪನ ಹಾಲ್‌ನಲ್ಲಿ ದಿಂಬಿಗೆ ಮುಖ ಒತ್ತಿಕೊಂಡು ಕೂತಿದ್ದೆ.

ಬೆಳಿಗ್ಗೆ ತಂಗಿಗೆ ಹೇಳಿದೆ, ‘ನೋಡು, ಕಾದರೆ ಸಿಗುತ್ತೆ. ನಾನೂ ಒಬ್ಬಳಿಗೆ ಕಾಯ್ತಿದ್ದೀನಿ.’ ಅರ್ಧ ಕಥೆ ಹೇಳಿದೆ. ಮಿಕ್ಕರ್ಧವನ್ನು ಅವಳೇ ಪ್ರಶ್ನೆ ಕೇಳಿ ಕೇಳಿ ಹೊರತೆಗೆದಳು. ದೋಸೆ ಹುಯ್ಯುತ್ತಿದ್ದವಳು ಸಟ್ಟುಗ ಹಿಡಿದೇ ತಿರುಗಿ ಹೇಳಿದಳು: ‘ಅಣ್ಣ, ಅಲ್ಲಿ ಇಬ್ಬರೂ ಕಾಯ್ತಿದ್ದಾರೆ. ಒಬ್ಬರೇ ಕಾಯ್ತಾ, ಇನ್ನೊಬ್ಬರು ಬೇಡ ಅಂತಿದ್ರೆ ಅದಕ್ಕೆ ಬೇರೆ ಹೆಸರಿದೆ. ನಮ್ಮ ಕಾಲೇಜ್ ಬಸ್‌ಸ್ಟಾಪಲ್ಲೂ ಒಬ್ಬ ಹೀಗೇ ಕಾಯ್ತಾನೆ. ಅವನು ಇದ್ದಾನೆ ಅಂತ ನಾನು ಒಂದು ಸ್ಟಾಪ್ ಮುಂದೆ ನಡೆದು ಹೋಗ್ತೀನಿ, ಗೊತ್ತಾ?’

ಗೊತ್ತಿರಲಿಲ್ಲ. ಅವನ ಕಾಲು ಮುರಿಯಬೇಕು ಎನ್ನಿಸಿತು. ಮರುಕ್ಷಣವೇ ಲ್ಯಾಬ್ ಟೇಬಲ್ ಮೇಲಿನ ಬ್ಯಾಗ್ ನೆನಪಾಯಿತು. ದೋಸೆ ಗಂಟಲಲ್ಲಿ ಇಳಿಯಲಿಲ್ಲ.

ಎಲ್ಲ ಸ್ಲೋ ಬರ್ನ್ ಪುಸ್ತಕಗಳೂ ಹೀಗೇ ಎಂದು ತಿಳಿಯಬೇಡಿ. ತಂಗಿಯ ಅಚ್ಚುಮೆಚ್ಚು ಹಾಲಿ ಬ್ಲ್ಯಾಕ್ ಅವರ ‘ದಿ ಕ್ರೂಯಲ್ ಪ್ರಿನ್ಸ್’, 2018ರದು. ಯಕ್ಷಲೋಕದಂಥ ಒಂದು ರಾಜ್ಯದಲ್ಲಿ ಬೆಳೆಯುವ ಮನುಷ್ಯರ ಹುಡುಗಿ ಜೂಡ್, ಅವಳನ್ನು ಹೀಯಾಳಿಸಿ ಕಾಡುವ ರಾಜಕುಮಾರ ಕಾರ್ಡನ್. ಅವನ ಪಟಾಲಂ ಅವಳನ್ನು ನದಿಗೂ ತಳ್ಳುತ್ತದೆ. ಮುಂದೊಂದು ದಿನ ಅವನ ಕಾಗದದ ತುಂಬ ತನ್ನ ಹೆಸರೇ ಗೀಚಿರುವುದು ಅವಳಿಗೆ ಸಿಗುತ್ತದೆ. ಓದುಗರು ಕರಗುವುದು ಅಲ್ಲೇ. ನನಗೆ ಕರಗಲು ಆಗಲಿಲ್ಲ. ಇಷ್ಟ ಇದ್ದದ್ದಕ್ಕೇ ಕಾಡಿದ ಎಂಬ ವಾದವನ್ನು ನಾನು ಸ್ವತಃ ಬಳಸಿ ನೋಡಿದ್ದೇನಲ್ಲ. ‘ಜೂಡ್ ಸುಮ್ಮನೆ ಸಹಿಸಲ್ಲ, ಅವನಿಗಿಂತ ದೊಡ್ಡ ಆಟ ಆಡ್ತಾಳೆ, ಕೊನೆಗೆ ಅವನೇ ಅವಳ ಮಾತು ಕೇಳೋ ಹಾಗೆ ಮಾಡ್ತಾಳೆ’ ಎನ್ನುತ್ತಾಳೆ ತಂಗಿ. ಅದು ನಿಜ, ಪುಸ್ತಕವೂ ಚೆನ್ನಾಗಿದೆ. ಆದರೂ ನಮ್ಮ ಜಗಳ ಇನ್ನೂ ಮುಗಿದಿಲ್ಲ.

ನಾಲ್ಕನೇ ಸೆಮಿಸ್ಟರ್ ಶುರುವಾಯಿತು. ಲ್ಯಾಬ್ ಬೇರೆ, ಸ್ಟೂಲ್ ಅದೇ, ನಂಬರ್ ಅದೇ. ಎರಡು ವಾರ ಹೇಳಬೇಕಾದ್ದನ್ನು ಬಾಯಲ್ಲೇ ಇಟ್ಟುಕೊಂಡಿದ್ದೆ. ಮೆಸೇಜ್ ಮಾಡುವಂತಿಲ್ಲ, ಬೇಡವೆಂದದ್ದೇ ಅದು. ಪಕ್ಕದ ಬ್ಯಾಚಿನವರು ಇರುವಾಗಲೇ, ಸಿಆರ್‌ಒ ಕಡೆ ನೋಡುತ್ತಾ ಹೇಳಿದೆ: ‘ನೀನು ಬೇಡ ಅಂದಮೇಲೂ ಮೆಸೇಜ್ ಮಾಡಿದೆ. ತಪ್ಪು ನನ್ನದು. ಇನ್ನು ಮಾಡಲ್ಲ. ಉತ್ತರ ಏನೂ ಬೇಡ.’ ಅವಳು ರೀಡಿಂಗ್ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿದಳು. ‘ಸರಿ’ ಎಂದಳು. ಮತ್ತೆ ಬರೆಯತೊಡಗಿದಳು. ಬ್ಯಾಗ್ ನಮ್ಮ ನಡುವೆಯೇ ಇತ್ತು. ಆರೇಳು ಲ್ಯಾಬ್ ಆದಮೇಲೆ ಒಂದು ದಿನ ಬ್ಯಾಗ್ ಕೆಳಗಿತ್ತು. ಅದನ್ನು ನೋಡಿದರೂ ನೋಡದವನಂತೆ ವೈರ್ ಚುಚ್ಚಿದೆ. ಔಟ್‌ಪುಟ್ ಬರಲಿಲ್ಲ. ‘ಗ್ರೌಂಡ್’ ಎಂದಳು, ತಲೆ ಎತ್ತದೆ.

ಈಗ ಐದನೇ ಸೆಮಿಸ್ಟರ್, ಬ್ಯಾಚ್‌ಗಳು ಬದಲಾಗಿವೆ. ಕಾರಿಡಾರಿನಲ್ಲಿ ಸಿಕ್ಕರೆ ತಲೆ ಆಡಿಸುತ್ತಾಳೆ, ನಾನೂ ಆಡಿಸುತ್ತೇನೆ. ಅವಳ ಊರು ಯಾವುದೆಂದು ಇವತ್ತಿಗೂ ಗೊತ್ತಿಲ್ಲ.

ಅಂದಹಾಗೆ, ಇಂಟರ್ನಲ್ಸ್ ಮುಗಿದ ಮೇಲೆ ಕಾಗೆಯ ಪುಸ್ತಕ ಹುಡುಕಿದರೆ ಸಿಗಲಿಲ್ಲ. ರೂಮ್‌ಮೇಟ್ ದಿಂಬಿನ ಕೆಳಗಿತ್ತು. ಬಸ್ ಟಿಕೆಟನ್ನು ಗುರುತಿಗೆ ಇಟ್ಟುಕೊಂಡು ಮುನ್ನೂರನೇ ಪುಟ ದಾಟಿದ್ದಾನೆ. ನಿನ್ನೆ ರಾತ್ರಿ ಲೈಟ್ ಆರಿಸಿದ ಮೇಲೆ ಕತ್ತಲಲ್ಲೇ ಕೇಳಿದ: ‘ಲೇ, ಆ ಕಾಜ್ ಕೈಗವಸು ತೆಗೀತಾನೋ ಇಲ್ವೋ? ಅದೊಂದು ಹೇಳು.’ ನಾನು ಗೊರಕೆ ಹೊಡೆದೆ.